ಅಳಿಸಿದರೂ ಉಳಿದ ‘ಗಂ.ಭಾ.’

“ಅಕ್ಕಾ, ನನ್ನ ಹೆಸರಿನ ಮುಂದಿಂದು ಅದನ್ನ ತೆಗಿ. ಅದು ಆಗಲ್ಲ ಅಂದ್ರ ನನ್ನ ಹೆಸರೇ ತೆಗದುಬಿಡು.”

ಹೋದ ವಾರ ಭಾಲ್ಕಿಯಿಂದ ಬಂದ ನನ್ನ ತಂಗಿ ಸುಮಿತ್ರಾ ಬ್ಯಾಗ್ ಕೆಳಗಿಡುವ ಮೊದಲೇ ಹೇಳಿದ ಮಾತಿದು. ಅವಳ ಮಗಳು ಸ್ವಾತಿಯ ಮದುವೆ. ನೌಬಾದದ ನನ್ನ ಮನೆಯಲ್ಲಿ ಕೂತು ವಾಟ್ಸಾಪ್ ಆಮಂತ್ರಣ ಕಳಿಸುವುದಿತ್ತು. ಒಬ್ಬೊಬ್ಬರ ಹೆಸರನ್ನೂ ಮೇಲೆ ಹಾಕಿಯೇ ಕಳಿಸಬೇಕು (ಹೆಸರಿಲ್ಲದ ಕಾರ್ಡು ಹೋದರೆ ನಮ್ಮ ಮಂದಿ ಮುನಿಸಿಕೊಳ್ಳುತ್ತಾರೆ, ಗೊತ್ತಲ್ಲ). ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಈ ಕೆಲಸಕ್ಕೆ ಪೈಥಾನ್‌ನಲ್ಲಿ ಪುಟ್ಟ ಸ್ಕ್ರಿಪ್ಟ್ ಬರೆದಿದ್ದೆ.

ಕಾರ್ಡಿನ ಒಕ್ಕಣೆ ಔರಾದದಿಂದ ಬಂದಿತ್ತು. ಬರೆದವರು ಸುಮಿತ್ರಾಳ ಭಾವ, ಅಂದರೆ ತೀರಿಕೊಂಡ ಗಂಡನ ಅಣ್ಣ, ಮಾಣಿಕರಾವ್. ಅದರಲ್ಲಿ ನನ್ನ ತಂಗಿ ‘ಗಂ.ಭಾ. ಸುಮಿತ್ರಾಬಾಯಿ’.

ಗಂ.ಭಾ. ಅಂದರೆ ಗಂಗಾ ಭಾಗೀರಥಿ. ನಮ್ಮ ಗಡಿ ಸೀಮೆಯ ಲಗ್ನಪತ್ರಿಕೆಗಳಲ್ಲಿ ಗಂಡ ಸತ್ತವಳ ಹೆಸರಿಗೆ ಅಂಟಿಸುವ ಮಾತು. ಗಂಡ ಇದ್ದವಳಿಗೆ ‘ಸೌ.’. ನಾನು ಸೌ. ಆಗಿ ಆರಾಮಾಗಿ ಅದೇ ಕಾರ್ಡಿನ ಕೆಳಗೆ ಕೂತಿದ್ದೆ. ಮಾಣಿಕರಾವ್ ಅವರ ಹೆಂಡತಿಯೂ ತೀರಿಕೊಂಡು ಕೆಲವು ವರ್ಷವಾಯಿತು. ಅವರು ಮಾತ್ರ ಮೊದಲಿನಂತೆ ಬರೀ ‘ಶ್ರೀ’.

ತೆಗೆಯೋದೇನೋ ಸುಲಭ. ಆದರೆ ಅವರು ಮನೆಗೆ ಹಿರಿಯರು, ಮೂಗಿನ ತುದಿಯಲ್ಲೇ ಸಿಟ್ಟು. ಅವರು ಮುನಿದರೆ ಔರಾದದ ಒಂದು ಜೀಪೂ ಮದುವೆಗೆ ಹೊರಡುವುದಿಲ್ಲ. ಬೀಗರ ಮುಂದೆ ತಂಗಿಯ ಮುಖ ಏನಾಗಬೇಕು? ಆದರೂ ಆ ಮಾತು ಅಳಿಸಲು replace ಅಂತ ಕೋಡಿನ ಒಂದು ಸಾಲು ಬರೆದು ಸ್ಕ್ರಿಪ್ಟ್ ಓಡಿಸಿದೆ. ಮೊದಲ ಕಾರ್ಡು ರಿವಾಜಿನಂತೆ ಹಿರಿಯರಾದ ಅವರಿಗೇ ಹೋಯಿತು.

ಸುಮಿತ್ರಾ ಸ್ಕ್ರೀನಿಗೆ ಬಗ್ಗಿ ನೋಡಿದಳು. “ಅಕ್ಕಾ, ಅದು ಇನ್ನಾ ಅದ.”

ಸ್ಕ್ರಿಪ್ಟ್ ನಿಲ್ಲಿಸಿ ಕೋಡ್ ನೋಡಿದೆ. ಪೈಥಾನ್‌ನ replace ಕಾರ್ಡಿನ ಹಳೆಯ ಸಾಲನ್ನು ಮುಟ್ಟುವುದೇ ಇಲ್ಲ. ಆ ಮಾತನ್ನು ಬಿಟ್ಟು ಹೊಸ ಸಾಲೊಂದನ್ನು ಮಾಡಿ ಕೈಗೆ ಕೊಡುತ್ತದೆ. ಅದನ್ನು ನಾವು ಇಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಇಟ್ಟುಕೊಂಡಿರಲಿಲ್ಲ. ವರ್ಷಾ ವರ್ಷಾ ಹುಡುಗರಿಗೆ ಬೈದು ಹೇಳಿಕೊಡುವ ಪಾಠ ಇದು!

ಅಷ್ಟರಲ್ಲಿ ಔರಾದದ ಫೋನು. ಸ್ಪೀಕರ್ ಹಾಕಿದೆ.

“ಕಾರ್ಡ್ ಛಲೋ ಬಂದದ ನೋಡ್ರಿ ಅಕ್ಕಾರ. ಸುಮಿತ್ರಾ ಏನೋ ತೆಗಸ್ತಾಳಂತ ಸುದ್ದಿ ಇತ್ತು. ನೀವು ರಿವಾಜ್ ಬಿಟ್ಟಿಲ್ಲ.”

ನಿಜ ಹೇಳಲಾ? ಒಂದು ಕ್ಷಣ ಹಾಯೆನಿಸಿತು. ತಪ್ಪು ಕೋಡಿನದು, ಸಿಟ್ಟು ತಪ್ಪಿತು, ಹೀಗೇ ಇದ್ದುಬಿಡಲಿ, ಮದುವೆಯೊಂದು ಸುಸೂತ್ರ ಮುಗಿಯಲಿ ಅಂದುಕೊಂಡೆ. ತಂಗಿಯ ಕಡೆ ನೋಡಿದೆ. ಅವಳು ಅಳುತ್ತಿರಲಿಲ್ಲ. ಫೋನನ್ನು ತನ್ನ ಹತ್ತಿರ ಎಳೆದುಕೊಂಡಳು.

“ಭಾವಾರ, ಅದು ಚುಕ್ಕಿನಿಂದ, ತಪ್ಪಿ ಹೋಗ್ಯಾದ್ರಿ. ಬ್ಯಾರೆ ಕಳಸ್ತೇವಿ. ಅದ್ರಾಗ ಗಂ.ಭಾ. ಇರಲ್ಲ.”

ಆ ಕಡೆ ದನಿ ಏರಿತು. “ಯಾಕವ್ವಾ? ಗಂಗಾ ಭಾಗೀರಥಿ ಅಂದ್ರ ಪವಿತ್ರ ಹೆಸರು. ಅದ್ರಾಗ ಏನ್ ಅವಮಾನ ಅದ?”

“ಅಷ್ಟು ಪವಿತ್ರ ಇದ್ರ ನಿಮ್ಮ ಹೆಸರಿನ ಮುಂದನೂ ಹಾಕ್ಲೇನ್ರಿ? ನೀವೂ ನನ್ನಂಗ ಒಬ್ಬರೇ ಉಳದೀರಲ್ರಿ.”

ಅವಳು ಟೇಬಲ್ಲಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು. ಕಡೆಗೆ ಮಾಣಿಕರಾವ್ “ನಿನಗ ತಿಳದಂಗ ಮಾಡು” ಎಂದವರೇ ಫೋನಿಟ್ಟರು. ಅದು ಒಪ್ಪಿಗೆಯೋ ಮುನಿಸೋ, ಈ ಸಾಲು ಬರೆಯುವ ತನಕ ತಿಳಿದಿಲ್ಲ.

ಹೊಸ ಸಾಲನ್ನು ಈ ಸಲ ಇಟ್ಟುಕೊಂಡೆ. ನನ್ನ ‘ಸೌ.’ ಕೂಡ ತೆಗೆದೆ. ಕಾರ್ಡು ಮತ್ತೆ ಮೊದಲು ಔರಾದಕ್ಕೇ ಹೋಯಿತು. ಎರಡು ನೀಲಿ ಗೀಟು ಬಿದ್ದವು. ಉತ್ತರ ಬಂದಿಲ್ಲ. ಊರಿಗೆ ಮರಳಿದ ಸುಮಿತ್ರಾ ದಿನಾ ಭಾಲ್ಕಿಯಿಂದ ಫೋನ್ ಮಾಡಿ ಕೇಳುತ್ತಾಳೆ, “ಏನರ ಅಂದ್ರೇನ?”

ಅಂದ ಹಾಗೆ, ಕೋಡಿನಲ್ಲಿ ಅಳಿಸುವುದಕ್ಕಿಂತ ಕೂಡಿಸುವುದು ಇನ್ನೂ ಸುಲಭ, ಒಂದು ಪ್ಲಸ್ ಗುರುತು ಸಾಕು. ಹೆಂಡತಿ ತೀರಿಕೊಂಡ ‘ಶ್ರೀ’ಗಳೇ, ಯಾರ ಹೆಸರಿನಿಂದ ಶುರು ಮಾಡಲಿ?