ಮಿಸ್ತ್ರಿ ಕಾಕಾನ ಮಡಚುವ ಟಾಪು

ಗ್ರೀಸಿನ ಮೇಲೆ ಭಂಡಾರ ಬಿದ್ದರೆ ಒಂದು ವಾಸನೆ ಏಳುತ್ತದೆ. ಹೋದ ತಿಂಗಳು ಹುಕ್ಕೇರಿಯಲ್ಲಿ ತಮ್ಮನ ಹೊಸ ಟ್ರ್ಯಾಕ್ಟರಿನ ಪೂಜೆ. ಎಲ್ಲರೂ ದೇವರ ಭಂಡಾರವೆಂದು ಹಿಡಿ ಹಿಡಿ ಅರಿಷಿಣದ ಪುಡಿ ಎರಚುವಾಗ ಆ ವಾಸನೆ ಮೂಗಿಗೆ ಬಡಿಯಿತು. ಸಿಟ್ಟು ಬಂತು… ಇಪ್ಪತ್ತು ವರ್ಷದ ಹಳೆಯ ಸಿಟ್ಟು.

ನಾವು ಗೋಕಾಕದಲ್ಲಿದ್ದಾಗ ನಮ್ಮ ಮನೆಯ ಬಾಜೂಕ್ಕೇ ಮೆಕ್ಯಾನಿಕ್ ಒಬ್ಬರ ಗ್ಯಾರೇಜು. ಊರಿಗೆಲ್ಲ ಮಿಸ್ತ್ರಿ, ನನಗೆ ಮಿಸ್ತ್ರಿ ಕಾಕಾ. ಮದುವೆ ಮೆರವಣಿಗೆಗೆ ಜೀಪಿನ ಟಾಪು ಬಿಚ್ಚಬೇಕು, ಮಳೆ ಬಂದರೆ ನಾಲ್ಕು ಜನ ಸೇರಿ ಮತ್ತೆ ತಾಡಪತ್ರಿ ಕಟ್ಟಬೇಕು, ಅಷ್ಟರಲ್ಲಿ ಮದುಮಗ ತೊಯ್ದು ತೊಪ್ಪೆ. ಇದನ್ನು ನೋಡಿ ನೋಡಿ ಅವರ ತಲೆಯೊಳಗೆ ಹುಳ ಹೊಕ್ಕಿತು: ಟಾಪು ತಗಡಿನದೇ ಇರಬೇಕು, ಆದರೆ ಮಡಚಬೇಕು! ಮೊದಲು ಎಣ್ಣೆ ಡಬ್ಬಿ ಕತ್ತರಿಸಿ ಗೇಣುದ್ದದ ಮಾದರಿ ಮಾಡಿದರು. ಮುಂದಿನ ಅರ್ಧ ಹಳಿಯ ಮೇಲೆ ಸರಿದು ಹಿಂದಿನ ಅರ್ಧದ ಮೇಲೆ ಕೂಡಬೇಕು, ಆಮೇಲೆ ಎರಡೂ ಬಿಜಾಗರಿಯ ಮೇಲೆ ತಿರುಗಿ ಹಿಂದೆ ಇಳಿಯಬೇಕು. ಆಮೇಲೆ ನಿಜವಾದ ಜೀಪಿಗೇ ಕೈ ಹಾಕಿ, ಜಾಗ ಸಾಲದೆ ಹಿಂದಿನ ಸೀಟನ್ನೇ ಕಿತ್ತರು. ಸಂದಿಗೆ ಸೈಕಲ್ ಟ್ಯೂಬು ಅಂಟಿಸಿ, ನಮ್ಮ ಅವ್ವನನ್ನು ಒಳಗೆ ಕೂಡಿಸಿ, ಮೇಲೆ ಕೊಡಗಟ್ಟಲೆ ನೀರು ಸುರಿದರು. "ಒಂದ್ ಹನಿ ಬೀಳಲಿಲ್ರಿ ಮಿಸ್ತ್ರಿ!" ಎಂದು ಅವ್ವ ಕೂಗಿದಾಗ ಅವರ ಮುಖ ನೋಡಬೇಕಿತ್ತು.

ಆ ಜೀಪು ನಮ್ಮ ದೊಡ್ಡಪ್ಪನದು. ಅವನ ಮಗನ ಮದುವೆ ಕುಲಗೋಡದಲ್ಲಿ. ಅವತ್ತು ನಾಲ್ಕು ಜನರ ಮುಂದೆ ಟಾಪು ಸರಿಯಾಗಿ ಮಡಚಿದರೆ, ಟ್ರಾಲಿ ಬಡಿಯುವುದು ಬಿಟ್ಟು ಕಾಕಾ ಇದೇ ಕೆಲಸ ಹಿಡಿಯುವವರಿದ್ದರು. ಹೊರಡುವಾಗ ಕೈಮುಗಿದು ಹೇಳಿದರು: "ಹಳಿಗೆ ಗ್ರೀಸ್ ಹಚ್ಚೇನ್ರಿ. ಭಂಡಾರ ಎರಚಬ್ಯಾಡ್ರಿ, ಗಾಜಿಗೆ ಒಂದ್ ಬೊಟ್ಟ ಇಟ್ರ ಸಾಕು."

"ಭಂಡಾರ ಬ್ಯಾಡ ಅನ್ನಾಕ ನೀ ಯಾವಾಂವೋ?" ಎಂದ ದೊಡ್ಡಪ್ಪ. ನಾವು ಹಾಲುಮತದವರು, ಭಂಡಾರವಿಲ್ಲದೆ ನಮ್ಮಲ್ಲಿ ಯಾವುದೂ ಹೊಸ್ತಿಲು ದಾಟುವುದಿಲ್ಲ. ಎಲ್ಲರೂ ಎರಚಿದರು. ನಾನೂ ಎರಚಿದೆ, ಎರಡೂ ಕೈಯಿಂದ.

ಕುಲಗೋಡದ ಅಗಸಿಬಾಗಿಲಲ್ಲಿ ಮೆರವಣಿಗೆಗೆಂದು ತೆಗೆಯುವಾಗ ಟಾಪು ಅರ್ಧ ಸರಿದು ನಿಂತುಬಿಟ್ಟಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ದೊಡ್ಡಪ್ಪ ಹಾರೆ ಹಾಕಿ ಮೀಟಿದ, ಹಳಿ ಸೊಟ್ಟಾಯಿತು. ಬೀಗರು ಬಿದ್ದು ಬಿದ್ದು ನಕ್ಕರು. ಮರುದಿನ ದೊಡ್ಡಪ್ಪ ಆ ಟಾಪನ್ನು ಮುಚ್ಚಿಸಿ, ಮತ್ತೆಂದೂ ಅಲುಗದಂತೆ ಕಾಕಾನ ಕೈಯಿಂದಲೇ ವೆಲ್ಡಿಂಗ್ ಮಾಡಿಸಿದ. ಎಂಥ ಕಲ್ಲೆದೆ! ಬೆಸೆಯುವ ಮುಂಚೆ ಕಾಕಾ ಹಳಿಯೊಳಗಿಂದ ಹಳದಿ ಮುದ್ದೆ ಕೆರೆದು ನನಗೆ ತೋರಿಸಿದರು. "ನೀನರ ಹೇಳವ್ವಾ ಅವರಿಗೆ." ನಾನು ಹೇಳಲಿಲ್ಲ. ದೊಡ್ಡಪ್ಪನೆದುರು ಬಾಯಿ ಬಿಡುವ ಧೈರ್ಯ ನನಗಿರಲಿಲ್ಲ, ಥೂ! ಮಿಸ್ತ್ರಿಯ ಕೆಲಸ ಅರ್ಧಮರ್ಧ ಎಂಬ ಮಾತು ಮೂಡಲಗಿಯವರೆಗೂ ಹಬ್ಬಿತು. ಕಾಕಾ ಮತ್ತೆ ಟಾಪಿನ ಸುದ್ದಿ ಎತ್ತಲಿಲ್ಲ. ಆರೇಳು ವರ್ಷಕ್ಕೆ ತೀರಿಕೊಂಡರು…

ಹುಕ್ಕೇರಿಯಲ್ಲಿ ಊಟಕ್ಕೆ ಕೂತಾಗ ದೊಡ್ಡಪ್ಪ ಅದೇ ಕತೆ ತೆಗೆದು ಎಲ್ಲರನ್ನೂ ನಗಿಸತೊಡಗಿದ. ನಾನು ತಾಟು ಸರಿಸಿ ಎದ್ದೆ. "ಕೆಡಿಸಿದ್ದು ಮಿಸ್ತ್ರಿ ಕಾಕಾ ಅಲ್ಲ. ನಾವು ಎರಚಿದ ಭಂಡಾರ."

ದೊಡ್ಡಪ್ಪ ರೊಟ್ಟಿ ಮುರಿಯುತ್ತಲೇ ಹೇಳಿದ: "ನನಗ ಅವತ್ತ ಗೊತ್ತಿತ್ತವಾ. ದೇವರ ಭಂಡಾರದಿಂದ ಕೆಟ್ಟೈತಿ ಅಂತ ಬೀಗರ ಮುಂದ ಹೆಂಗ ಹೇಳೂದು?"

ಗೊತ್ತಿತ್ತಂತೆ! ದೇವರ ಹೆಸರು ಉಳಿಸಲು ಒಬ್ಬ ಮನುಷ್ಯನ ಹೆಸರು ಕೆಡಿಸಿದನಂತೆ. ಆ ದೇವರೇನು ಕೇಳಿದ್ದನೇ? ಕಾಕಾನ ಮನೆಯವರಿಗಾದರೂ ನಿಜ ಹೇಳೋಣವೆಂದು ಮರುದಿನವೇ ಗೋಕಾಕಕ್ಕೆ ಹೋದೆ. ಆ ಮನೆಯಲ್ಲಿ ಬೇರೆ ಯಾರೋ ಇದ್ದರು. ಮಿಸ್ತ್ರಿಯ ಮನೆಯವರು ಎಲ್ಲಿ ಹೋದರು ಎಂದು ಕೇಳಿದೆ.

"ಯಾವ ಮಿಸ್ತ್ರಿ ರೀ?" ಎಂದರು.