ರಿಸರ್ವ್ ಹಿಡಿಕೆಗೆ ಬಿಗಿದ ದಾರ

ಜೋಯಿಡಾ ಕಡೆಯ ಘಟ್ಟದ ತಿರುವಿನಲ್ಲಿ ನಾವು ಪ್ರವಾಸಿಗರಿಗೆ ಪ್ಯಾರಾಗ್ಲೈಡಿಂಗ್ ಮಾಡಿಸುವ ಇಳಿಜಾರಿದೆ. ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ಕಣಿವೆಯಲ್ಲ, ಚಿಪ್ಸ್ ಪಾಕೀಟು. ಹಿಂದಿನ ದಿನ ಬಂದವರು ತಿಂದು ಬಿಸಾಕಿದ್ದು, ಕುಡಿದು ಒಡೆದದ್ದು, ಪೊದೆಯ ಹಿಂದೆ ಮಾಡಬಾರದ್ದು ಮಾಡಿದ್ದು, ಎಲ್ಲ ಇರುತ್ತದೆ. ರೆಕ್ಕೆ ಬಟ್ಟೆ ಹಾಸುವ ಮುಂಚೆ ಗಾಜು ಆರಿಸುವುದೇ ನನ್ನ ಬೆಳಗಿನ ಕಾಯಕ.

ಆದರೆ ಅದಕ್ಕಿಂತ ಹೇಸಿಗೆ ಹುಟ್ಟಿಸುತ್ತಿದ್ದವರು ನಮ್ಮ ಕಸುಬಿನವರೇ. ಗಾಳಿ ನೋಡುವುದಿಲ್ಲ, ಬಕಲ್ ಮುಟ್ಟುವುದಿಲ್ಲ, ಒಂದು ಕಣ್ಣು ಮೊಬೈಲಿನ ಮೇಲೆ ಇಟ್ಟೇ ಜನರನ್ನು ಕಣಿವೆಗೆ ತಳ್ಳುತ್ತಾರೆ. ಹಳಿಯಾಳದ ಮನೆಯಲ್ಲಿ ಊಟಕ್ಕೆ ಕೂತರೂ ನಾನು ಇವರನ್ನೇ ಬೈಯುತ್ತಿದ್ದೆ. "ಸಾಕ್ ಮಾಡ್ರಿ, ಅನ್ನ ಆರಾಕತ್ತೈತಿ" ಎಂದು ಹೆಂಡತಿ ಗದರುವವರೆಗೂ ಬಾಯಿ ನಿಲ್ಲುತ್ತಿರಲಿಲ್ಲ.

ಮಹಾನವಮಿ ಕಳೆದು ಒಂಬತ್ತೋ ಹತ್ತೋ ದಿನವಾಗಿತ್ತು. ಅಂಬಿಕಾನಗರದ ಕಾಲೊನಿಯಿಂದ ಗಣಿತದ ಟೀಚರೊಬ್ಬರು ಹಾರಲು ಬಂದರು. ಐವತ್ತರ ಆಸುಪಾಸು, ನೆಟ್ಟಗೆ ನೋಡುವ ಹೆಂಗಸು. ನನ್ನ ಮುಂದೆ ಕೂತು ನನ್ನ ಜೊತೆಗೇ ಹಾರಬೇಕಿತ್ತು. ಜೀಪು ನೋಡಿಕೊಂಡು, ಹಗ್ಗಗಳ ಸಿಕ್ಕು ಬಿಡಿಸುವ ದಾಂಡೇಲಿಯ ಮೆಕ್ಯಾನಿಕ್ ಚಾಚಾ ಪಕ್ಕದಲ್ಲಿದ್ದರು. ಗಾಳಿಯ ದಿಕ್ಕು ತೋರಿಸುವ ಬಟ್ಟೆಚೀಲ ಹದವಾಗಿ ತುಂಬಿಕೊಂಡಿತ್ತು, ಗಾಳಿ ಎದುರಿನಿಂದಲೇ ಬೀಸುತ್ತಿತ್ತು.

ನಾನು ನನ್ನ ಪಾಠ ಶುರು ಮಾಡಿದೆ. ಹೆಲ್ಮೆಟ್ಟು, ತೊಡೆಯ ಪಟ್ಟಿ, ಎದೆಯ ಪಟ್ಟಿ, ಕೊಂಡಿ. ಕೊನೆಗೆ ನನ್ನ ಸೊಂಟದ ಬದಿಯ ಕೆಂಪು ಹಿಡಿಕೆ ತೋರಿಸಿದೆ. "ಮ್ಯಾಲಿನ ರೆಕ್ಕಿ ಮಡಚಿಕೊಂಡ್ರ ಇದನ್ನ ಜಗ್ಗಿ ಒಗೀತೇನಿ. ರಿಸರ್ವ್ ಪ್ಯಾರಾಚೂಟ್ ಬಿಚ್ಚಿಕೊಳ್ತೈತಿ. ಆಗ ಜೀವ ಉಳಸೂದು ಇದೊಂದ ನೋಡ್ರಿ."

ಟೀಚರು ಬಗ್ಗಿ ನೋಡಿದರು. "ಮತ್ತ ಇದಕ್ಕ ದಾರ ಯಾಕ ಬಿಗದೀರಿ?"

ಹಿಡಿಕೆಯನ್ನೂ ಪಕ್ಕದ ಪಟ್ಟಿಯನ್ನೂ ಸೇರಿಸಿ ಹಳದಿ ದಾರ ಮೂರು ಸುತ್ತು ಸುತ್ತಿತ್ತು, ಮೇಲೆ ಗಟ್ಟಿ ಗಂಟು. ಜಗ್ಗಿದೆ. ಅಲುಗಲಿಲ್ಲ. ಎರಡೂ ಕೈ ಹಾಕಿ ಜಗ್ಗಿದೆ. ಊಹ್ಞೂಂ.

"ಯಾವ ಹಲ್ಕಟ್ ಕಟ್ಟಿದ್ದು ಇದನ್ನ?" ಎಂದು ಚಾಚಾರ ಮೇಲೆ ಹರಿಹಾಯ್ದೆ.

"ನೀವ ಕಟ್ಟಿದ್ದು," ಎಂದರು ಅವರು, ಮೆಲ್ಲಗೆ. "ಪೂಜಾ ದಿನ. ಹೂವು ಉದುರಬಾರದಂತ."

"ನೋಡಿದ ಮ್ಯಾಲ ಹೇಳಾಕ ಏನಾಗಿತ್ತು?"

"ನಿಮ್ಮ ದೇವರ ದಾರ. ನಾ ಹೆಂಗ ಬಿಚ್ಚ್ರಿ ಅನ್ನಲಿ?"

ನೆನಪಾಯಿತು. ಮಹಾನವಮಿಯ ಖಂಡೇಪೂಜೆಯ ದಿನ, ಆಯುಧಪೂಜೆಯೆಂದು, ಜೀಪಿಗೆ, ಹೆಲ್ಮೆಟ್ಟಿಗೆ, ಹಾರುವಾಗ ಕೂರುವ ಸೀಟಿಗೆ ವಿಭೂತಿ ಬಳಿದು, ಕಾಯಿ ಒಡೆದು, ಚೆಂಡುಹೂವಿನ ಮಾಲೆ ಕಟ್ಟಿದವನು ನಾನೇ. ಜೀವ ಉಳಿಸುವ ಹಿಡಿಕೆಯಲ್ಲವೇ, ಅದಕ್ಕೆ ಸ್ವಲ್ಪ ಹೆಚ್ಚೇ ಭಕ್ತಿಯಿಂದ ಬಿಗಿದಿದ್ದೆ. ಹೂವು ಒಣಗಿ ಉದುರಿತ್ತು, ದಾರ ಉಳಿದಿತ್ತು. ಆಮೇಲೆ ಪ್ರತಿ ಬೆಳಿಗ್ಗೆ ತಪಾಸಣೆಯ ಹೊತ್ತಿಗೆ ಆ ಹಿಡಿಕೆ ಮುಟ್ಟಿದ್ದೇನೆ. ಮುಟ್ಟಿದ ಕೈಯನ್ನು ಕಣ್ಣಿಗೊತ್ತಿಕೊಂಡು ಹಾರಿದ್ದೇನೆ! ಥೂ, ನನ್ನ ಜನ್ಮಕ್ಕಿಷ್ಟು. ಪೊದೆಯ ಹಿಂದಿನ ಹೊಲಸೂ ಅವತ್ತು ನನಗಿಂತ ವಾಸಿ ಅನ್ನಿಸಿತು.

ಚಾಚಾ ಚಾಕು ಕೊಟ್ಟರು. ದಾರ ಕೊಯ್ದೆ. ಟೀಚರು ಇನ್ನೂ ಹುರುಪಿನಲ್ಲಿದ್ದರು. "ಆತಲ್ರೀ, ಹೋಗೂಣು."

"ಇವತ್ತು ಹಾರೂದಿಲ್ರೀ," ಎಂದೆ. "ಕಾಯಿ ನೀರು ಒಳಗ ಹೋಗಿರಬಹುದು. ಪ್ಯಾರಾಚೂಟ್ ಪೂರಾ ಬಿಚ್ಚಿ, ಒಣಗಿಸಿ, ಮತ್ತ ಮಡಚಬೇಕು."

ಅವರು ಕೊಯ್ದ ದಾರವನ್ನು ನೋಡುತ್ತ ನಿಂತರು. ಮುಖದ ಮೇಲಿನ ನಗು ಇಳಿಯಿತು.

"ಹೋದ ಐತವಾರ ನನ್ನ ಮಗಳು ನಿಮ್ಮ ಕೂಡ ಹಾರಿದ್ಲು. 'ಭಾಳ ಹುಷಾರ್ ಮನಿಶ್ಯಾರವ್ವಾ, ಎಲ್ಲಾ ಮುಟ್ಟಿ ಮುಟ್ಟಿ ನೋಡ್ತಾರ, ನೀನೂ ಹೋಗು' ಅಂತ ಆಕೀನ ನನ್ನ ಕಳಿಸ್ಯಾಳ." ದಾರದ ಕಡೆ ಬೆರಳು ತೋರಿಸಿ ಕೇಳಿದರು. "ಅವತ್ತೂ ಇತ್ತೇನ್ರೀ ಇದು?"

ಸುಳ್ಳು ನಾಲಿಗೆಯ ತುದಿಯವರೆಗೂ ಬಂದಿತ್ತು.

"ಇತ್ರೀ," ಎಂದೆ.

ಟೀಚರು ಪಟ್ಟಿಗಳನ್ನು ಒಂದೊಂದಾಗಿ ತಾವೇ ಬಿಚ್ಚಿಕೊಂಡರು. ಹೆಲ್ಮೆಟ್ಟು ತೆಗೆದುಕೊಳ್ಳಲು ನಾನು ಕೈ ಚಾಚಿ ನಿಂತಿದ್ದೆ. ಅವರು ನನ್ನನ್ನು ದಾಟಿ ಹೋಗಿ, ಹೆಲ್ಮೆಟ್ಟನ್ನು ಚಾಚಾರ ಕೈಗೆ ಕೊಟ್ಟರು.