ಬರಣಿಯೊಳಗಿನ ಅನಗವಾಡಿ ಮಣ್ಣು

ಅವತ್ತು ಮಣ್ಣೆತ್ತಿನ ಅಮಾವಾಸ್ಯೆ. ಅಮಾವಾಸ್ಯೆಗೆ ನಮ್ಮ ರಬಕವಿ ಓಣಿಯಲ್ಲಿ ಮಗ್ಗ ಬಂದ್ ಇರುತ್ತವೆ; ಹಾಲಿನವನ ಸೈಕಲ್ ಚೈನು ಕಿರುಗುಟ್ಟುವುದೂ ಒಳಗೆ ಕೇಳುತ್ತಿತ್ತು. ಅಂಗಳಕ್ಕೆ ನೀರು ಹಾಕಿ, ರಂಗೋಲಿ ಎಳೆದು, ಡಬ್ಬಿಗೆ ಚಪಾತಿ ಕಟ್ಟಿ, ಮಗಳನ್ನು ಜಮಖಂಡಿಯ ಮೊದಲ ಬಸ್ಸಿಗೆ ಕಳಿಸಿದೆ. ಆಮೇಲೆ ದಿನದಂತೆ ಅಡುಗೆಮನೆಯ ಕಿಟಕಿಯ ಹತ್ತಿರ ಬಗ್ಗಿ ಬರಣಿಯನ್ನು ನೋಡಿದೆ.

ಅದರಲ್ಲಿದ್ದದ್ದು ಕೆಸರು. ಮಗಳು ಬಿ.ಎಸ್ಸಿ. ಕೊನೆಯ ವರ್ಷ, ಬ್ಯಾಕ್ಟೀರಿಯಾಗಳು ಏನು ತಿಂದು ಹೇಗೆ ಬದುಕುತ್ತವೆ ಎಂಬುದು ಅವಳ ಪ್ರಾಜೆಕ್ಟು. ಅನಗವಾಡಿಯ ಹೊಳೆದಂಡೆಯಿಂದ ರಾಡಿ ತಂದು, ಅದಕ್ಕೆ ಮಗ್ಗದ ಹತ್ತಿ ನೂಲಿನ ಚೂರು, ಹೊಲಕ್ಕೆ ಹಾಕುವ ಜಿಪ್ಸಂ, ಸುಣ್ಣದ ಅಂಶಕ್ಕೆಂದು ನಮ್ಮ ಅತ್ತೆಯವರಿಂದ ಕೇಳಿ ಪಡೆದ ಒಂದು ವಿಭೂತಿ ಗಟ್ಟಿಯ ಪುಡಿ ಎಲ್ಲ ಕಲಸಿ, ಒಳಗಿನದೆಲ್ಲ ಕಾಣುವ ಉದ್ದನೆಯ ಪ್ಲಾಸ್ಟಿಕ್ ಬರಣಿಗೆ ತುಂಬಿದ್ದಳು. ಮೇಲೆ ಹೊಳೆ ನೀರು ಹೊಯ್ದು ಬೆಳಕಿಗೆ ಇಟ್ಟು, "ಯಾರೂ ಮುಟ್ಟಬ್ಯಾಡ್ರಿ" ಎಂದು ಎಲ್ಲರಿಗೂ ತಾಕೀತು ಮಾಡಿದ್ದಳು.

ಮೊದಮೊದಲು ಬರೀ ಬೂದು. ಎರಡು ತಿಂಗಳಲ್ಲಿ ತಳ ಕಾಡಿಗೆಯಷ್ಟು ಕಪ್ಪಾಯಿತು, ಅದರ ಮೇಲೆ ಹಸಿರು ಪಟ್ಟಿ, ಹಸಿರಿನ ಮೇಲೆ ನೇರಳೆ, ತುದಿಗೆ ತುಕ್ಕಿನ ಬಣ್ಣ. ಹೊಸ ಸೀರೆಯ ದಡಿಯಂಚು ನೋಡಿದ ಹಾಗೆ. "ತಳದಾಗಿನವಕ್ಕ ಗಾಳಿ ಬ್ಯಾಡ ಮಮ್ಮಿ. ಅವು ಬಿಟ್ಟ ಹೊಲಸ ಗಾಳೀನ ಮ್ಯಾಲಿನವಕ್ಕ ಊಟ. ಅದರ ಜೋಡಿ ಬೆಳಕಿದ್ರ ಆತು" ಎಂದಿದ್ದಳು. ಮೊದಲ ಹಸಿರು ಚುಕ್ಕೆ ಕಂಡದ್ದು ನನಗೇ, ಬರಣಿಯ ಬಲಮಗ್ಗುಲಿಗೆ, ಸಾಸಿವೆ ಕಾಳಿನಷ್ಟು. ಚಿಕ್ಕಂದಿನಲ್ಲಿ ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಹೇಳುತ್ತಿದ್ದಂತೆ ಕೈ ಹಿಂದೆ ಕಟ್ಟಿ ಕಣ್ಣಿನಿಂದಷ್ಟೇ ನೋಡುತ್ತಿದ್ದೆ.

ಅಮಾವಾಸ್ಯೆಯ ಮರುದಿನವೇ ಈ ಬರಣಿಯನ್ನು ಮಗಳು ಪರೀಕ್ಷಕರಿಗೆ ತೋರಿಸಬೇಕಿತ್ತು. ಇನ್ನೊಂದು ಬೆಳೆಸಬೇಕೆಂದರೆ ಮತ್ತೆರಡು ತಿಂಗಳು.

ನಾನು ಬೆಲ್ಲ, ಹೂ ತರಲು ಪೇಟೆಗೆ ಹೋಗಿ ಬಂದೆ. ಬಾಗಿಲಲ್ಲೇ ಕೊಳೆತ ಮೊಟ್ಟೆಯಂಥ ನಾತ. ಹಿತ್ತಲಲ್ಲಿ ಅತ್ತೆ ಅಗಲವಾದ ತಟ್ಟೆ, ಪರಾತದ ಮುಂದೆ ಕೂತು ಮಣ್ಣೆತ್ತಿನ ಕೊಂಬು ತಿದ್ದುತ್ತಿದ್ದರು. ಪಕ್ಕದಲ್ಲಿ ಖಾಲಿ ಬರಣಿ.

"ಅತ್ತೀ! ಇದೇನ್ ಮಾಡಿದ್ರಿ?"

"ಎತ್ತು ಮಾಡೀನವಾ. ಕುಂಬಾರನ ಎತ್ತು ಯಾಕ ಬೇಕು ಈ ಸಲ? ನಿನ್ನ ಮಗಳು ನನ್ನ ತವರೂರ ಮಣ್ಣ ತಂದು ನೆನಸಿಟ್ಟಾಳ. ನಾತ ಹೊಡ್ಯಾಕತ್ತೈತಿ, ಖರೆ. ಆದ್ರ ಬೆಣ್ಣಿಯಂಗ ಹದಾ ಬಂದೈತಿ ನೋಡು."

ಮಣ್ಣಿಗೆ ವಿಭೂತಿ ಬಿದ್ದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಯಾರೂ ಮುಟ್ಟಬಾರದು ಎಂದದ್ದನ್ನು ಕೇಳಿದ್ದರು. ಸೊಸೆ ದಿನಾ ಬೆಳಗ್ಗೆ ಅದರ ಮುಂದೆ ಬಗ್ಗುವುದನ್ನೂ ನೋಡಿದ್ದರು. ಪೂಜೆಯ ಮಣ್ಣಲ್ಲದೆ ಮತ್ತೇನೆಂದುಕೊಳ್ಳಬೇಕಿತ್ತು ಅವರು?

ಮೆಲ್ಲಗೆ ವಿಷಯ ಹೇಳಿದೆ. ಎತ್ತಿನ ಬೆನ್ನ ಮೇಲಿದ್ದ ಅವರ ಕೈ ಅಲ್ಲೇ ನಿಂತಿತು. "ಅಯ್ಯ ಶಿವನ! ಕೂಸಿನ ಪರೀಕ್ಷಾ ಕೆಡಿಸಿದ್ನೇನ?" ಎಂದರು. ಆಮೇಲೆ ಅವಸರವಾಗಿ ಒಂದು ಹಸಿ ಬಟ್ಟೆ ಎತ್ತಿ, "ಅರ್ಧ ಐತೆವಾ, ಇನ್ನೂ ನಾದಿಲ್ಲ" ಎಂದು ತೋರಿಸಿದರು. ನೀರು ಬಸಿದು, ಬರಣಿ ಬೋರಲು ಹಾಕಿ, ಇಡಿಯಾಗಿ ಜಾರಿ ಬಂದ ಮಣ್ಣನ್ನು ಬಟ್ಟೆಸೋಪು ಕೊಯ್ದ ಹಾಗೆ ನೂಲಿನಿಂದ ಉದ್ದಕ್ಕೆ ಸೀಳಿದ್ದರು. ಒಂದರ್ಧ ಆಗಲೇ ಎತ್ತಾಗಿತ್ತು.

ಮಗಳಿಗೆ ಫೋನು ಮಾಡಲು ನನಗೆ ಧೈರ್ಯ ಸಾಲಲಿಲ್ಲ. ಮಧ್ಯಾಹ್ನ ಬಂದವಳಿಗೆ ಚಪ್ಪಲಿ ಬಿಡುವ ಮೊದಲೇ ವಾಸನೆ ಎಲ್ಲ ಹೇಳಿಬಿಟ್ಟಿತು. ಪರಾತದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕಣ್ಣು ತುಂಬಿದವು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದರು.

"ಬೈಯ್ ಯವ್ವಾ, ಬೈದ್ಬಿಡು. ಹಿಂಗ ಸುಮ್ನ ಕುಂದರಬ್ಯಾಡ."

ಅವಳು ಬಟ್ಟೆ ಸರಿಸಿ ನೋಡಿದಳು. ಸೀಳಿದ ಮೈ ಗಾಳಿ ತಾಗಿ ಬೂದಾಗಿತ್ತು. ಉಗುರಿನಿಂದ ಒಂದಿಷ್ಟು ಕೆರೆದು ನೋಡಿ, "ಆಯಿ, ಇನ್ನೊಮ್ಮಿ ಕೊಯ್ತಿಯೇನ? ತೆಳ್ಳಗ. ನನಗ ಹಿಂಗ ನೂಲಿಲೆ ಕೊಯ್ಯಾಕ ಬರಂಗಿಲ್ಲ" ಎಂದು ಅಜ್ಜಿಯನ್ನು ಕೇಳಿದಳು.

ಅತ್ತೆ ನೂಲನ್ನು ಎರಡೂ ಕೈಗೆ ಸುತ್ತಿ, ಉಸಿರು ಬಿಗಿಹಿಡಿದು ಎಳೆದರು. ಬೂದು ಪದರು ಕಳಚಿ ಬಿತ್ತು. ಒಳಗೆಲ್ಲ ಕಪ್ಪೇ ಕಪ್ಪು. ಹಸಿರು, ನೇರಳೆ ಎರಡೂ ಹೊರ ಅಂಚಿಗೆ ಮಾತ್ರ, ಉಗುರಿನ ದಪ್ಪ.

"ಮಮ್ಮಿ, ಬಾ ಇಲ್ಲಿ! ನಾ ರೆಕಾರ್ಡಿನ ಚಿತ್ರದಾಗ ಈ ಕಡಿಂದ ಆ ಕಡಿ ತನಕ ಬಣ್ಣಾ ಬಳದೇನಿ, ಎಂಥಾ ಹುಚ್ಚಿ ನಾ. ಬೆಳಕ ಎಲ್ಲಿ ತನಕ ಹೋಗತೈತೋ ಅಲ್ಲಿ ತನಕ ಅಷ್ಟ ಇವು ಅದಾವ!"

ಫೋಟೊ ತೆಗೆದು ಕಾಲೇಜಿನ ಮೇಡಮ್ಮಿಗೆ ಕಳಿಸಿದಳು. ಫೋನನ್ನು ಕಟ್ಟೆಯ ಮೇಲಿಟ್ಟು ಮೂವರೂ ಅದರ ಸುತ್ತ ಕೂತೆವು. ನಾನು ಮಾಡಿದ ಚಹಾ ಕೆನೆಗಟ್ಟಿತು, ಯಾರೂ ಕುಡಿಯಲಿಲ್ಲ. ಕೊನೆಗೆ ಮೇಡಂ ತಾವೇ ಫೋನು ಮಾಡಿದರು. ಆ ಅರ್ಧವನ್ನೇ ತಗೊಂಡು ಬಾ, ಗಾಳಿ ತಾಗಿಸಬೇಡ, ನಾಳೆ ಪರೀಕ್ಷಕರ ಎದುರಿಗೇ ಕೊಯ್ದು ತೋರಿಸು, ನಡೆದದ್ದನ್ನು ನಡೆದ ಹಾಗೇ ಬರಿ ಎಂದರು.

"ಆಯಿ ಎತ್ತು ಮಾಡಿದ್ದೂ ಬರೀಲ್ರಿ?" ಎಂದು ಇವಳು ಕೇಳಿದಳು. ಫೋನಿನ ಆ ಕಡೆಯ ನಗು ನನಗೂ ಕೇಳಿಸಿತು.

ಮಣ್ಣನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು, ಸ್ಟೀಲ್ ಡಬ್ಬಿಗಿಟ್ಟು, ಫ್ರಿಜ್ಜಿನಲ್ಲಿ ಜಾಗ ಮಾಡಿದೆ. "ಹೋಳಿಗಿ ಮ್ಯಾಲಿನ ಖಾನ್ಯಾಗ ಇಡು, ನಾತ ಹಿಡದಾವು" ಎಂದು ಅತ್ತೆ ಕಾವಲು ನಿಂತರು. ಆಮೇಲೆ ಅಜ್ಜಿ ಮೊಮ್ಮಗಳು ಹಿತ್ತಲ ಕಲ್ಲಿನ ಮೇಲೆ ಬಟ್ಟೆಸೋಪು ಇಟ್ಟುಕೊಂಡು ನೂಲಿನಿಂದ ಕೊಯ್ಯುವ ಪಾಠ ಶುರು ಮಾಡಿದರು. "ಒತ್ತಬ್ಯಾಡಲೇ, ಎಳಿ! ಏನ್ ಕಲಸ್ಯಾರ ನಿಮ್ಮ ಕಾಲೇಜಿನ್ಯಾಗ?" ಎಂದು ಬೈಗುಳವೂ ನಡೆಯಿತು. ನನ್ನ ಎರಡು ಹೊಸ ಸೋಪು ಹೋಳಾದವು.

ಸಂಜೆ ದೇವರ ಮುಂದೆ ಎತ್ತಿನ ಜೋಡಿ ಇಟ್ಟು, ಕೊರಳಿಗೆ ಹೂ ಹಾಕಿ, ಅತ್ತೆ ಪೂಜೆ ಮಾಡಿದರು. ಎದುರುಮನೆಯಾಕೆ ಹೋಳಿಗೆ ತಟ್ಟೆ ಹಿಡಿದು ಬಂದರು. ಎತ್ತಿಗೆ ಕುಂಕುಮ ಹಚ್ಚಲು ಬಗ್ಗಿದವರು ಸೆರಗನ್ನು ಮೂಗಿಗೆ ಒತ್ತಿಕೊಂಡರು.

"ನಿಮ್ಮ ಎತ್ತು ಖರೇ ಎತ್ತಿನಂಗ ನಾರತಾವ ನೋಡ್ರಿ ವೈನಿ" ಎಂದರು. "ನಮ್ಮವು ಬರೇ ಮಣ್ಣು."